ತುಂಬಿದ ಮೇಜು

ಜೂನ್ 4

ತಮ್ಮಾ,

ಎಲ್ಲರೂ ಕ್ಷೇಮ ಎಂದು ಬರೆದು ಶುರು ಮಾಡುವವಳು ನಾನು. ಇವತ್ತು ಆ ಸಾಲು ಬರೆಯಲು ಕೈ ಒಪ್ಪುತ್ತಿಲ್ಲ. ಬೆಳಗ್ಗೆಯಿಂದ ಫೋನ್ ಮಾಡುತ್ತಿದ್ದೇನೆ, ನೀನು "ಮೀಟಿಂಗಲ್ಲಿದ್ದೀನಿ ಅಕ್ಕ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ನಿನ್ನ ಆ ಆಮೇಲೆ ಯಾವತ್ತು ಬಂದಿದೆ? ಅದಕ್ಕೇ ಈ ಕಾಗದ. ಇದನ್ನು ಅರ್ಧಕ್ಕೆ ಕಟ್ ಮಾಡಲು ಆಗುವುದಿಲ್ಲ.

ನಿನ್ನೆಯ ಪೇಪರಿನಲ್ಲಿ ನಮ್ಮ ಠಾಣೆಯ ಫೋಟೋ ಬಂದಿದೆ. ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು, ಅದರ ತುಂಬ ಫ್ಯಾನು, ಮಿಕ್ಸರು, ರೇಡಿಯೋ, ಇಸ್ತ್ರಿಪೆಟ್ಟಿಗೆ. ಹಿಂದೆ ಎದೆ ಉಬ್ಬಿಸಿಕೊಂಡು ನಿಂತ ಪೊಲೀಸರು. ಮೇಜಿನ ಮುಂದಿನ ತುದಿಯಲ್ಲಿ ಒಂದು ಹೊಲಿಗೆ ಯಂತ್ರ, ಅದರ ಚಕ್ರದ ಮೇಲೆ ಕೆಂಪು ಚುಕ್ಕೆ. ಆ ಚುಕ್ಕೆ ನನ್ನ ಮಗಳ ಉಗುರುಬಣ್ಣ ಕಣೋ. ಸೂಜಿ ಮೇಲಿದೆಯೋ ಕೆಳಗಿದೆಯೋ ತಿಳಿಯಲಿ ಅಂತ ನಾನೇ ಹಚ್ಚಿದ್ದು. ಅದು ನನ್ನ ಯಂತ್ರ.

ನನ್ನ ಯಂತ್ರ ಕಳುವಾಗಿಲ್ಲ. ದಾರ ತಿನ್ನುತ್ತಿತ್ತು, ರಿಪೇರಿಗೆ ಕೊಟ್ಟಿದ್ದೆ. ಯಾರಿಗೆ ಅಂತ ಕೇಳು. ನಮ್ಮ ಬೀದಿ ಮೂಲೆಯ ರಿಪೇರಿ ಅಂಗಡಿಯ ಸೋಡಾಬುಡ್ಡಿ ಮಾಮನಿಗೆ. ಆ ಹೆಸರು ಇಟ್ಟವನು ನೀನೇ, ಅವರ ದಪ್ಪ ಕನ್ನಡಕ ನೋಡಿ. ಬೀದಿಯವರೆಲ್ಲ ಅದನ್ನೇ ಕರೆದರು, ಅವರು ನಕ್ಕು ಸುಮ್ಮನಾದರು. ಫೋಟೋದಲ್ಲಿ ಪೊಲೀಸರ ಮಧ್ಯೆ ಕಪ್ಪು ಮುಸುಕು ಹಾಕಿ ಒಬ್ಬರನ್ನು ನಿಲ್ಲಿಸಿದ್ದಾರಲ್ಲ, ಅದು ಅವರೇ. ಕನ್ನಡಕವಿಲ್ಲದೆ ಒಂದು ಹೆಜ್ಜೆ ಇಡಲಾಗದವರು. ಹಾಗಾಗಿ ನಿನ್ನ ಬುದ್ಧಿವಂತರು ಮುಸುಕಿನ ಮೇಲೆ ಕನ್ನಡಕ ಸಿಕ್ಕಿಸಿದ್ದಾರೆ. ಗುರುತು ಸಿಗಬಾರದು ಅಂತ ಮುಖ ಮುಚ್ಚಿ, ಇಡೀ ಊರಿಗೆ ಗುರುತು ಸಿಗುವ ವಸ್ತುವನ್ನು ಮೇಲಿಟ್ಟಿದ್ದಾರೆ. ಬೀದಿಯ ಹುಡುಗರು ಪೇಪರ್ ನೋಡಿ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಕೆಳಗೆ ಬರೆದಿದೆ: "ಕುಖ್ಯಾತ ಕಳವು ಜಾಲದ ಸೂತ್ರಧಾರ ಬಲೆಗೆ." ಅದರ ಕೆಳಗೆ ಸಣ್ಣಕ್ಷರದಲ್ಲಿ, ಪೊಲೀಸ್ ಸಾರ್ವಜನಿಕ ಸಂಪರ್ಕ ವಿಭಾಗದ ಪ್ರಕಟಣೆ. ಅಂದರೆ ನೀನು. ತಿಂಡಿ ತಿಂದ ತಟ್ಟೆ ಎಲ್ಲಿಟ್ಟೆ ಅಂತ ಹುಡುಕುವ ಮನುಷ್ಯ ಅವರು. ಅವರೇನು ಸೂತ್ರ ಹಿಡಿದಾರು?

ಯಂತ್ರದ ಅಡಿಯಲ್ಲಿ ಕೆಳದಾರ ಹಿಡಿಯುವ ಶಟಲ್ ಬಿಚ್ಚಿ ಅವರು ತಮ್ಮ ಡ್ರಾಯರಿನಲ್ಲಿ ಇಟ್ಟಿದ್ದಾರೆ. ಈಗಲೂ ಅಲ್ಲೇ ಇದೆ. ಯಾರನ್ನಾದರೂ ಕಳಿಸಿ ನೋಡಿಸು. ತಪ್ಪಾಗಿದೆ ಅಂತ ಒಂದು ಮಾತು ಹೇಳು, ಅವರನ್ನು ಬಿಡಿಸು.

ನಿನ್ನ ಅಕ್ಕ


ಜೂನ್ 11

ಅಕ್ಕಾ,

ನಿನ್ನ ಕಾಗದ ಓದಿ ಖುಷಿಯೂ ಆಯಿತು, ಬೇಸರವೂ ಆಯಿತು. ಖುಷಿ ಏಕೆಂದರೆ ನನ್ನ ಪ್ರಕಟಣೆಯನ್ನು ನಮ್ಮ ಮನೆಯವರು ಕೊನೆಯ ಸಾಲಿನವರೆಗೂ ಓದುತ್ತಾರೆ ಅಂತ ಇವತ್ತು ಗೊತ್ತಾಯಿತು. ಇಲ್ಲಿ ನಮ್ಮ ಸಾಹೇಬರೇ ಓದುವುದಿಲ್ಲ.

ಯಂತ್ರದ ಬಗ್ಗೆ ಒಂಚೂರೂ ಚಿಂತೆ ಮಾಡಬೇಡ. ಈ ತಿಂಗಳ 28ಕ್ಕೆ ಜಿಲ್ಲೆಯ ಪ್ರಾಪರ್ಟಿ ಪರೇಡ್ ಇದೆ. ಅಂದರೆ ಸಿಕ್ಕಿದ ಮಾಲನ್ನು ವೇದಿಕೆಯ ಮೇಲೆ ವಾರಸುದಾರರ ಕೈಗೆ ಕೊಡುವ ಕಾರ್ಯಕ್ರಮ. ನಿನ್ನದನ್ನು ಪಟ್ಟಿಯಲ್ಲಿ ಮೊದಲಿಗೇ ಸೇರಿಸಿದ್ದೇನೆ. ಠಾಣೆಗೆ ಹೋಗಿ ಒಂದು ದೂರಿಗೆ ಸಹಿ ಹಾಕಿಬಿಡು, ಬರೀ ಫಾರ್ಮಾಲಿಟಿ. ಶಟಲ್ ಇಲ್ಲ ಅಂದೆಯಲ್ಲ, ಠಾಣೆಗಳಲ್ಲಿ ಚಿಕ್ಕಪುಟ್ಟ ಭಾಗ ಕಳೆದುಹೋಗುವುದು ಮಾಮೂಲು. ಹೊಸದು ಕೊಡಿಸುತ್ತೇನೆ ಬಿಡು.

ಸೋಡಾಬುಡ್ಡಿ ಮಾಮ ಅಂತ ಓದಿ ನನಗೂ ನಂಬಲಾಗಲಿಲ್ಲ. ನಮಗೆ ಬರುವ ವರದಿಯಲ್ಲಿ ಆರೋಪಿಯ ವಯಸ್ಸು, ವೃತ್ತಿ ಇರುತ್ತದೆ, ಅಷ್ಟೇ. ಆದರೆ ಅಕ್ಕ, ಮನುಷ್ಯನ ಒಳಗೆ ಏನಿದೆ ಅಂತ ಯಾರಿಗೆ ಗೊತ್ತು? ತಪ್ಪೊಪ್ಪಿಕೊಂಡಿದ್ದಾರೆ ಅಂತ ಇನ್‌ಸ್ಪೆಕ್ಟರ್ ಬರೆದಿದ್ದಾರೆ. ಒಮ್ಮೆ ಹೋದ ಪ್ರಕಟಣೆಯನ್ನು ವಾಪಸ್ ಪಡೆಯುವ ಪದ್ಧತಿ ನಮ್ಮಲ್ಲಿ ಇಲ್ಲ. ಒಂದನ್ನು ತಿದ್ದಿದರೆ ಜನ ಎಲ್ಲವನ್ನೂ ಅನುಮಾನಿಸುತ್ತಾರೆ.

ಫೋಟೋ ಚೆನ್ನಾಗಿತ್ತು ತಾನೇ? ಅದರ ಹಿಂದೆ ನನ್ನ ಶ್ರಮ ಇದೆ. ಎಲ್ಲ ಠಾಣೆಯವರನ್ನೂ ಕೂರಿಸಿಕೊಂಡು ನಾನೇ ಪಾಠ ಮಾಡಿದ್ದೇನೆ. ಮೇಜು ತುಂಬಿರಬೇಕು, ದೊಡ್ಡ ವಸ್ತು ಮುಂದಿರಬೇಕು, ಖಾಲಿ ಜಾಗ ಕಂಡರೆ ಜನ "ಇಷ್ಟೇನಾ" ಅಂತಾರೆ ಅಂತ. ನಿಮ್ಮ ಠಾಣೆಯವರು ಮೊದಲು ಕಳಿಸಿದ ಫೋಟೋ ನೋಡಿ ನಗು ತಡೆಯಲಾಗಲಿಲ್ಲ. ಅಷ್ಟುದ್ದ ಮೇಜು, ಅದರ ಮೇಲೆ ಎರಡು ಮೊಬೈಲು, ಒಂದು ಸೈಕಲ್ ಪಂಪು. ಇದನ್ನು ಹಾಕಿದರೆ ಇಲಾಖೆಯ ಮಾನ ಹೋಗುತ್ತೆ ಅಂತ ವಾಪಸ್ ಕಳಿಸಿದೆ. ಎರಡೇ ದಿನದಲ್ಲಿ ಎಂಥಾ ಫೋಟೋ ಬಂತು ನೋಡಿದೆಯಲ್ಲ.

ಭಾವನಿಗೆ ಕೇಳಿದೆ ಅಂತ ಹೇಳು. ಮಗಳಿಗೆ ಮುದ್ದು.

ನಿನ್ನ ತಮ್ಮ


ಜೂನ್ 15

ತಮ್ಮಾ,

ಯಂತ್ರ ಯಾವಾಗ ಸಿಗುತ್ತೆ ಅಂತ ನಾನು ಕೇಳಿದ್ದೆನಾ? ನನ್ನ ಕಾಗದವನ್ನು ಇನ್ನೊಂದು ಸಲ ಓದು. ಮನುಷ್ಯನ ಬಗ್ಗೆ ಬರೆದರೆ ಶಟಲ್ ಕೊಡಿಸುತ್ತೇನೆ ಅನ್ನುತ್ತೀಯ.

ಆದರೂ ಠಾಣೆಗೆ ಹೋದೆ. ನೀನು ಮಾಡಿಸಿದ ಚಂದವನ್ನೆಲ್ಲ ನೋಡಿದೆ. ಗೋಡೆಗೆ ತಿಳಿನೀಲಿ ಬಣ್ಣ, ಮೆತ್ತನೆಯ ಸೋಫಾ, "ನಿಮಗಾಗಿ ನಾವು" ಅನ್ನುವ ಬೋರ್ಡು. ಇನ್‌ಸ್ಪೆಕ್ಟರ್ ಎದ್ದು ನಿಂತು "ಬನ್ನಿ ಅಮ್ಮಾ" ಅಂದರು, ನೀರು ತರಿಸಿದರು. ದೂರು ಆಗಲೇ ಟೈಪ್ ಆಗಿತ್ತು. ನಾನು ಊರಲ್ಲಿಲ್ಲದಾಗ ಮನೆಯ ಬೀಗ ಮುರಿದು ಯಂತ್ರ ಕದ್ದರಂತೆ. ತಾರೀಕಿನ ಜಾಗ ಖಾಲಿ. ನಾನು ಎಲ್ಲಿಗೂ ಹೋಗಿಲ್ಲ, ಬೀಗ ಮುರಿದಿಲ್ಲ, ರಿಪೇರಿಗೆ ಕೊಟ್ಟಿದ್ದು ಅಂದೆ. ಅವರು ನಗುನಗುತ್ತಲೇ, ಇದು ನಮ್ಮ ಭಾಷೆ ಅಮ್ಮಾ, ಹೀಗೇ ಬರೀಬೇಕು ಅಂದರು. ನಿನ್ನ ಪಾಠ ಚೆನ್ನಾಗಿ ಕಲಿತಿದ್ದಾರೆ. ಮೊದಲಾದರೆ ಗದರುತ್ತಿದ್ದರು, ಈಗ ನಗುತ್ತಾ ಮಾಡಿಸುತ್ತಾರೆ. ಗದರಿದ್ದರೆ ನಾನೂ ಗದರಬಹುದಿತ್ತು.

ಸಹಿ ಹಾಕಲಿಲ್ಲ. ಹಾಗಾದರೆ ಯಂತ್ರಕ್ಕೆ ವಾರಸುದಾರರೇ ಇಲ್ಲ ಅಂತ ಬರೆದುಕೊಳ್ಳುತ್ತೇವೆ, ಕೇಸ್ ಮುಗಿಯುವ ತನಕ ಇಲ್ಲೇ ಬಿದ್ದಿರುತ್ತೆ ಅಂದರು. ಬಿದ್ದಿರಲಿ ಅಂದೆ. ಆಸ್ಪತ್ರೆಯವರು ಹೊಲಿಯಲು ಕೊಟ್ಟ ಪರದೆ, ದಿಂಬಿನ ಚೀಲ ಎಲ್ಲ ಕತ್ತರಿಸಿಟ್ಟು ಕೂತಿದ್ದೇನೆ. ಯಂತ್ರವಿಲ್ಲದೆ ನನ್ನ ಕೈ ಕಟ್ಟಿಹಾಕಿದಂತಾಗಿದೆ.

ಮೇಜಿನ ಮೇಲಿದ್ದ ಫ್ಯಾನು, ಮಿಕ್ಸರು, ರೇಡಿಯೋ ಎಲ್ಲವೂ ಮಾಮನ ಅಂಗಡಿಗೆ ರಿಪೇರಿಗೆ ಬಂದವು. ಎದುರು ಮನೆಯವರು ತಮ್ಮ ಫ್ಯಾನಿಗೆ ಸಹಿ ಹಾಕಿ ಬಂದಿದ್ದಾರೆ. ಮಿಕ್ಸರಿನವರೂ ಹಾಕಿದ್ದಾರೆ. ಯಾಕೆ ಅಂದರೆ, "ನಮಗ್ಯಾಕಮ್ಮ ಪೊಲೀಸರ ಸಹವಾಸ, ನಮ್ಮ ಸಾಮಾನು ನಮಗೆ ಬಂದ್ರೆ ಸಾಕು" ಅನ್ನುತ್ತಾರೆ. ನಿನ್ನ ಭಾವನೂ ರಾಗ ಎಳೆಯುತ್ತಿದ್ದಾರೆ, ಹಾಕಿ ತಂದುಬಿಡು ಅಂತ. ಒಂದೊಂದು ಸಹಿಯೂ ಆ ಮುದುಕನ ಮೇಲೆ ಒಂದೊಂದು ಕಲ್ಲು. ಇವರಿಗೆ ಅಷ್ಟೂ ತಿಳಿಯುವುದಿಲ್ಲವೇ?

ಗೇಟಿನ ಹೊರಗೆ ಮಾಮನ ಹೆಂಡತಿ, ನಮ್ಮ ಅತ್ತೆ, ನಿಂತಿದ್ದರು, ಕೈಯಲ್ಲಿ ಕಣ್ಣಿಗೆ ಹಾಕುವ ಔಷಧದ ಬಾಟಲಿ. ದಿನಾ ಹಾಕದಿದ್ದರೆ ಇರುವ ದೃಷ್ಟಿಯೂ ಹೋಗುತ್ತದಂತೆ. ಒಳಗೆ ಬಿಡಲಿಲ್ಲ. ಮೆತ್ತನೆಯ ಸೋಫಾ ಖಾಲಿ ಇತ್ತು, ಅತ್ತೆ ಬಿಸಿಲಲ್ಲಿ ನಿಂತಿದ್ದರು. ನಾನೇ ಬಾಟಲಿ ಇಸಿದುಕೊಂಡು ಒಬ್ಬ ಹೆಂಗಸು ಕಾನ್‌ಸ್ಟೇಬಲ್ ಕೈಗಿತ್ತೆ. ಆಕೆ ಯಾರಿಗೂ ಕಾಣದ ಹಾಗೆ ಜೇಬಿಗೆ ಹಾಕಿಕೊಂಡಳು. ಇಡೀ ಠಾಣೆಯಲ್ಲಿ ಸೇವೆ ಅಂತ ನಾನು ಕಂಡಿದ್ದು ಅದೊಂದೇ. ಅದರ ಫೋಟೋ ನಿನ್ನ ಬಳಿ ಇರುವುದಿಲ್ಲ.

ನಿನ್ನ ಅಕ್ಕ


ಜೂನ್ 20

ಅಕ್ಕಾ,

ನಿನ್ನ ಸಿಟ್ಟು ನನಗೆ ಹೊಸದಲ್ಲ. ಆದರೆ ನನ್ನ ಕೆಲಸವನ್ನು ಸುಳ್ಳಿನ ಅಂಗಡಿ ಅಂದುಕೊಳ್ಳಬೇಡ.

ಅಪ್ಪನ ಸೈಕಲ್ ಕಳುವಾದದ್ದು ನೆನಪಿದೆಯಾ? ಬೆಳಗ್ಗೆ ಹೋದ ಅಪ್ಪನನ್ನು ಸಂಜೆಯವರೆಗೆ ಠಾಣೆಯ ಹೊರಗೆ ನಿಲ್ಲಿಸಿದರು. ಕೊನೆಗೆ ಒಬ್ಬ ಬಂದು, ನಿನ್ನ ಸೈಕಲ್ ಹುಡುಕೋದೇ ನಮ್ಮ ಕೆಲಸವಾ ಅಂತ ಅಟ್ಟಿದ. ಅಪ್ಪ ಮನೆಗೆ ಬಂದು ಯಾರ ಮುಖವನ್ನೂ ನೋಡಲಿಲ್ಲ. ನಾನು ಈ ಇಲಾಖೆಗೆ ಸೇರಿದ್ದೇ ಆ ಸಂಜೆಯಿಂದ. ಎಲ್ಲರೂ ತನಿಖೆಯ ಕೆಲಸ ಕೇಳುವಾಗ ನಾನು ಈ ವಿಭಾಗ ಕೇಳಿ ಪಡೆದೆ. ಜನ ಠಾಣೆಯ ಮೆಟ್ಟಿಲು ಹತ್ತಲು ಹೆದರಬಾರದು, ಹತ್ತಿದವರಿಗೆ ಕುರ್ಚಿ ಸಿಗಬೇಕು, ಕಳೆದುಕೊಂಡದ್ದು ವಾಪಸ್ ಸಿಗುತ್ತೆ ಅಂತ ನಂಬಿಕೆ ಬರಬೇಕು. ಫೋಟೋ ನೋಡಿದ ಮೇಲೆ ದೂರು ಕೊಡಲು ಬರುವವರು ಹೆಚ್ಚಾಗಿದ್ದಾರೆ. ಇದು ಸುಳ್ಳಲ್ಲ.

ಮಾಮನ ವಿಷಯದಲ್ಲಿ ಎಲ್ಲೋ ಎಡವಟ್ಟಾಗಿರಬಹುದು. ಒಪ್ಪುತ್ತೇನೆ. ಆದರೆ ಈಗ ಕೆದಕಿದರೆ ಇನ್‌ಸ್ಪೆಕ್ಟರ್ ಬಿಗಿಯಾಗುತ್ತಾರೆ, ಮಾಮನಿಗೇ ತೊಂದರೆ. ಪರೇಡ್ ಮುಗಿಯಲಿ, ಗಲಾಟೆ ತಣ್ಣಗಾಗಲಿ. ಆಮೇಲೆ ನಾನು ಒಳಗಿಂದಲೇ ಒಂದು ಮಾತು ಹೇಳಿ ಜಾಮೀನಿಗೆ ಅಡ್ಡಿ ಬಾರದಂತೆ ನೋಡಿಕೊಳ್ಳುತ್ತೇನೆ. ನಿನ್ನ ಕೆಲಸವೂ ನಿಂತಿದೆ. ಸಹಿ ಹಾಕು, ಯಂತ್ರ ತೆಗೆದುಕೋ.

ನಿನಗೆ ಗೊತ್ತಿರಲಿ ಅಂತ ಒಂದು ಗುಟ್ಟು ಹೇಳುತ್ತೇನೆ. ಕಾರ್ಯಕ್ರಮದ ಸುದ್ದಿಯನ್ನು ನಾವು ಮುಂಚೆಯೇ ಬರೆದು ಕಳಿಸಿರುತ್ತೇವೆ, ಪೇಪರಿನವರಿಗೆ ಪುಟ ತುಂಬಲು ಸುಲಭ. ನಿನ್ನ ಸಾಲನ್ನು ನಾನೇ ಬರೆದೆ: "ಜೀವನಾಧಾರವಾಗಿದ್ದ ಹೊಲಿಗೆ ಯಂತ್ರ ಮರಳಿ ಕೈಸೇರಿದಾಗ ಆನಂದಬಾಷ್ಪ ಸುರಿಸಿದ ಮಹಿಳೆ, ಪೊಲೀಸರು ನನ್ನ ಪಾಲಿಗೆ ಸ್ವಂತ ಅಣ್ಣತಮ್ಮಂದಿರಿದ್ದಂತೆ ಎಂದು ಭಾವುಕರಾದರು." ಹೇಗಿದೆ? ಕೊನೆಯ ಮಾತು ನಿನ್ನನ್ನು ನೆನೆದೇ ಬರೆದದ್ದು.

ನಿನ್ನ ತಮ್ಮ


ಜೂನ್ 23

ತಮ್ಮಾ,

ನನ್ನ ಕಣ್ಣೀರನ್ನು ನೀನೇ ಬರೆದುಬಿಟ್ಟೆಯಾ? ಅಳುವುದಕ್ಕೆ ಮುಂಚೆಯೇ? ಅದೂ ನಾನು ಹೊಟ್ಟೆ ಉರಿದುಕೊಂಡು ಕೂತಿರುವಾಗ ಆನಂದಬಾಷ್ಪ.

ನಿನ್ನ ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಎಲ್ಲೋ ಎಡವಟ್ಟಾಗಿದೆ ಅನ್ನುತ್ತೀಯಲ್ಲ, ಎಲ್ಲಿ ಅಂತ ನಾನು ಹೇಳುತ್ತೇನೆ. ಠಾಣೆಯವರು ಎರಡು ಮೊಬೈಲು, ಒಂದು ಪಂಪಿನ ಫೋಟೋ ಕಳಿಸಿದರು. ಅವರಿಗೆ ಸಿಕ್ಕಿದ್ದ ನಿಜವಾದ ಕಳವಿನ ಮಾಲು ಅಷ್ಟೇ. ನೀನು ನಕ್ಕೆ. ವಾಪಸ್ ಕಳಿಸಿದೆ. ಮೇಜು ತುಂಬಿರಬೇಕು ಅಂದೆ. ಮಾರನೆಯ ಬೆಳಗ್ಗೆ, ಮಕ್ಕಳು ಶಾಲೆಗೆ ಹೋಗುವ ಹೊತ್ತಿನಲ್ಲಿ, ಜೀಪು ಬಂದು ಮಾಮನ ಅಂಗಡಿ ಮುಂದೆ ನಿಂತಿತು. ಬೀದಿಯಲ್ಲಿ ಮೇಜು ತುಂಬುವಷ್ಟು ಸಾಮಾನು ಒಂದೇ ಕಡೆ ಇದ್ದದ್ದು ಅಲ್ಲೇ ತಾನೇ. ಸಾಮಾನು ಬೇಕಿತ್ತು, ತೆಗೆದುಕೊಂಡರು. ಸಾಮಾನಿಗೆ ಒಬ್ಬ ಕಳ್ಳ ಬೇಕಿತ್ತು, ಅವರನ್ನೂ ಎತ್ತಿಕೊಂಡು ಹೋದರು.

ಮಾಮನನ್ನು ಹಿಡಿಸಿದ್ದು ಇನ್‌ಸ್ಪೆಕ್ಟರ್ ಅಲ್ಲ. ನೀನು, ಅಲ್ಲಿ ಕುರ್ಚಿಯಲ್ಲಿ ಕೂತು, ಫೋಟೋ ಚೆನ್ನಾಗಿಲ್ಲ ಅಂತ.

ಅಪ್ಪನ ಮಾತು ಎತ್ತಬೇಡ. ಅಪ್ಪನನ್ನು ನಿಲ್ಲಿಸಿದ ಜಾಗದಲ್ಲೇ ಈಗ ಅತ್ತೆ ನಿಂತಿದ್ದಾರೆ. ಬಣ್ಣ ಮಾತ್ರ ಬದಲಾಗಿದೆ, ಗೇಟು ಅದೇ. ಆ ಸಂಜೆ ಅಪ್ಪ ಮುಖ ತಗ್ಗಿಸಿ ಕೂತಾಗ, ತಮ್ಮ ಅಂಗಡಿಯ ಹಳೆಯ ಭಾಗಗಳನ್ನೆಲ್ಲ ಸೇರಿಸಿ ಒಂದು ಸೈಕಲ್ ಕಟ್ಟಿಕೊಟ್ಟವರು ಯಾರು? ನಿನಗೆ ಸೈಕಲ್ ನೆನಪಿದೆ, ಕಟ್ಟಿಕೊಟ್ಟ ಮಾಮ ಮರೆತುಹೋದರು.

ಒಂದು ಮಾತು. 28ಕ್ಕೆ ನಾನು ಬರುತ್ತೇನೆ.

ಅಕ್ಕ


ಜೂನ್ 26

ಅಕ್ಕಾ,

ಬರುತ್ತೇನೆ ಅಂದೆಯಲ್ಲ, ದೊಡ್ಡ ಭಾರ ಇಳಿದಂತಾಯಿತು. ನಿನ್ನ ಬೈಗುಳವನ್ನೆಲ್ಲ ತಲೆಬಾಗಿ ಒಪ್ಪಿಕೊಂಡೆ. ಮನಸ್ಸಿಗೆ ನಾಟಿಲ್ಲ ಅಂತ ಅಂದುಕೊಳ್ಳಬೇಡ. ಅದರ ಬಗ್ಗೆ ಎದುರು ಕೂತು ಮಾತಾಡೋಣ.

ಸಹಿಯನ್ನು ವೇದಿಕೆಯ ಹಿಂದೆ ತೆಗೆದುಕೊಳ್ಳುತ್ತಾರೆ, ಆಗ ಹಾಕಿದರೂ ಸಾಕು ಅಂತ ಹೇಳಿಸಿದ್ದೇನೆ. ತಿಳಿಬಣ್ಣದ ಬಟ್ಟೆ ಹಾಕಿಕೊಂಡು ಬಾ, ಕ್ಯಾಮೆರಾದಲ್ಲಿ ಚೆನ್ನಾಗಿ ಬರುತ್ತದೆ. ಸಾಹೇಬರ ಎಡಗಡೆ ನಿಲ್ಲು. ಮೈಕ್ ಕೊಟ್ಟರೆ ಎರಡು ಮಾತು ಸಾಕು. ನಾನು ಕ್ಯಾಮೆರಾದ ಹಿಂದೆ ಇರುತ್ತೇನೆ.

ಇನ್ನೊಂದು. ಅಲ್ಲಿ ನನ್ನನ್ನು ತಮ್ಮಾ ಅಂತ ಕರೆಯಬೇಡ. ಮನೆಯವರನ್ನೇ ಕರೆತಂದು ನಾಟಕ ಮಾಡಿದ ಅಂತಾರೆ.

ನಿನ್ನ ತಮ್ಮ


ಜುಲೈ 2

ಕರೆಯಲಿಲ್ಲವಲ್ಲ. ನಿನ್ನ ಆ ಮಾತೊಂದನ್ನು ನಡೆಸಿಕೊಟ್ಟೆ.

ಇದ್ದುದರಲ್ಲಿ ಗಾಢ ಬಣ್ಣದ ಬಟ್ಟೆಯನ್ನೇ ಹುಡುಕಿ ಹಾಕಿಕೊಂಡು ಬಂದಿದ್ದೆ. ವೇದಿಕೆಯ ಹಿಂದೆ ಸಹಿ ಕೇಳಿದರು, ಯಂತ್ರ ಕೈಗೆ ಬಂದ ಮೇಲೆ ಹಾಕುತ್ತೇನೆ ಅಂದೆ. ಪಾಪ, ನಂಬಿದರು. ನಿಮ್ಮ ದೊಡ್ಡ ಸಾಹೇಬರು ಯಂತ್ರದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗದೆ ಕ್ಯಾಮೆರಾ ಕಡೆ ತಿರುಗಿ ನಕ್ಕರು. ಯಂತ್ರಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದರು. ಮೈಕ್ ಕೈಗೆ ಬಂತು. ನಾನು ಏನು ಹೇಳಿದೆ ಅಂತ ನೀನು ಕೇಳಿಸಿಕೊಂಡಿದ್ದೀಯ, ಆದರೂ ಬರೆಯುತ್ತೇನೆ. ಇನ್ನೆಲ್ಲೂ ಅದನ್ನು ಬರೆದಿಲ್ಲವಲ್ಲ.

"ಇದು ಕಳುವಾದ ಯಂತ್ರ ಅಲ್ಲ. ರಿಪೇರಿಗೆ ಕೊಟ್ಟಿದ್ದೆ. ಅಡಿಯ ಮುಚ್ಚಳ ತೆಗೆದು ನೋಡಿ, ಶಟಲ್ ಇಲ್ಲ, ಅದು ರಿಪೇರಿಯವರ ಡ್ರಾಯರಿನಲ್ಲಿದೆ. ಯಾರಾದರೂ ಕದ್ದ ಮಾಲನ್ನು ರಿಪೇರಿ ಮಾಡೋಕೆ ಬಿಚ್ಚಿ ಕೂರ್ತಾರಾ? ಆ ಮನುಷ್ಯ ಏನೂ ಮಾಡಿಲ್ಲ. ಅವರನ್ನು ಬಿಡಿ."

ಆಮೇಲೇನಾಯಿತು? ನಿಮ್ಮ ನಿರೂಪಕಿ ಹತ್ತಿರ ಬಂದು ನನ್ನ ಹೆಗಲು ಹಿಡಿದು, "ನೋಡಿ, ಸಂತೋಷದಲ್ಲಿ ಇವರಿಗೆ ಏನು ಮಾತಾಡ್ತಿದ್ದೀನಿ ಅಂತಲೇ ತಿಳೀತಿಲ್ಲ" ಅಂದಳು. ಸಂಗೀತ ಜೋರು ಮಾಡಿದರು. ಜನ ಚಪ್ಪಾಳೆ ಹೊಡೆದರು. ಫ್ಯಾನಿಗೆ ಕಾದು ಕೂತಿದ್ದ ಎದುರು ಮನೆಯಾಕೆ ನನ್ನನ್ನು ನುಂಗುವ ಹಾಗೆ ನೋಡಿದಳು, ಇವಳಿಂದ ತಡವಾಗುತ್ತಿದೆ ಅಂತ. ಪತ್ರಕರ್ತರಿಗೆ ಮೀಸಲು ಅಂತ ಬರೆದ ಸಾಲಿನಲ್ಲಿ ನೀರಿನ ಬಾಟಲಿಗಳು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಅವರಾದರೂ ಯಾಕೆ ಬರುತ್ತಾರೆ? ಸುದ್ದಿ ಆಗಲೇ ಅವರ ಬಳಿ ಇತ್ತು.

ಯಂತ್ರವನ್ನು ರಿಬ್ಬನ್ ಸಮೇತ ಅಲ್ಲೇ ಬಿಟ್ಟು ಇಳಿದು ಬಂದೆ.

ಮಾರನೆಯ ದಿನದ ಪೇಪರಿನಲ್ಲಿ ನನ್ನ ಫೋಟೋ, ನಿಮ್ಮ ಇಲಾಖೆ ಕಳಿಸಿದ್ದು. ಬಾಯಿ ತೆರೆದಿದ್ದೇನೆ, ಕೈ ಎತ್ತಿದ್ದೇನೆ. ಅವರನ್ನು ಬಿಡಿ ಅಂದ ಕ್ಷಣ ಅದು. ಕೆಳಗೆ ಆನಂದಬಾಷ್ಪ, ಸ್ವಂತ ಅಣ್ಣತಮ್ಮಂದಿರು, ಒಂದಕ್ಷರ ಬಿಡದೆ ನೀನು ಬರೆದದ್ದೇ. ಅತ್ತೆ ಆ ಪೇಪರ್ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. "ನೀನೂನಾ ಮಗಳೇ?" ಅಂದರು. ಅಷ್ಟೇ ಅಂದರು. ನಾನು ಏನು ಹೇಳಿದರೂ ಅವರ ಕೈಯಲ್ಲಿ ಪೇಪರ್ ಇತ್ತು.

ನೀನು ಕ್ಯಾಮೆರಾದ ಹಿಂದೆ ನಿಂತಿದ್ದೆ. ನಾನು ಮಾತಾಡಿದಷ್ಟು ಹೊತ್ತೂ ಅದರ ಕೆಂಪು ದೀಪ ಉರಿಯುತ್ತಿತ್ತು, ನಾನು ನೋಡಿದ್ದೇನೆ. ಅಂದರೆ ಎಲ್ಲವೂ ನಿನ್ನ ಬಳಿ ಇದೆ. ಅದನ್ನು ಮಾಮನ ವಕೀಲರಿಗೆ ಕೊಡು. ಫೋಟೋ ವಾಪಸ್ ಕಳಿಸಿದ ಕಥೆಯನ್ನೂ ನಿನ್ನ ಬಾಯಿಂದಲೇ ಹೇಳು.


ಜುಲೈ 19

ಉತ್ತರವಿಲ್ಲ. ಫೋನ್ ಮಾಡಿದರೆ ರಿಂಗಾಗಿ ನಿಲ್ಲುತ್ತದೆ. ಈಗ ಮೀಟಿಂಗ್ ಅಂತ ಹೇಳುವ ಸೌಜನ್ಯವೂ ಇಲ್ಲ.

ನಿಮ್ಮ ಇಲಾಖೆಯ ಪುಟದಲ್ಲಿ ಆ ಕಾರ್ಯಕ್ರಮದ ವಿಡಿಯೋ ಹಾಕಿದ್ದೀರಿ. ಮಗಳು ತೋರಿಸಿದಳು. ನಾನು ಮೈಕ್ ಹಿಡಿದಿದ್ದೇನೆ, ತುಟಿ ಅಲ್ಲಾಡುತ್ತಿದೆ, ಮೇಲೆ ಸಂಗೀತ. ಸಾವಿರಾರು ಜನ ಹೃದಯದ ಗುರುತು ಒತ್ತಿದ್ದಾರೆ. ನನ್ನ ಮಾತನ್ನು ತೆಗೆದು ಪಿಟೀಲು ತುಂಬಿದವನು ನೀನೋ, ನಿನ್ನ ಕೈಕೆಳಗಿನವರೋ? ಯಾರಾದರೂ ನನಗೆ ಒಂದೇ.

ಮಾಮನಿಗೆ ಜಾಮೀನು ಸಿಕ್ಕಿಲ್ಲ. ಸಹಿ ಹಾಕಿದ ದೂರುಗಳ ಕಟ್ಟನ್ನು ತೋರಿಸಿ, ಇಷ್ಟು ಮನೆಗಳಿಗೆ ಕನ್ನ ಹಾಕಿದವನು ಅಂದರಂತೆ. ಬಾಗಿಲ ಚಿಲಕ ಕಾಣದೆ ಗೋಡೆ ತಡಕುವ ಮನುಷ್ಯ ಕನ್ನ ಹಾಕಿದನಂತೆ. ಎಡಗಣ್ಣು ಪೂರ್ತಿ ಮಂಜಾಗಿದೆ ಎಂದು ಅತ್ತೆ ಹೇಳಿದರು. ಔಷಧ ತಲುಪಿಸುತ್ತಿದ್ದ ಆ ಹೆಂಗಸು ಕಾನ್‌ಸ್ಟೇಬಲ್‌ಗೆ ಬೇರೆ ಕಡೆ ಡ್ಯೂಟಿ ಹಾಕಿದ್ದಾರಂತೆ.

ಫೋಟೋ ವಾಪಸ್ ಕಳಿಸಿದೆ ಅಂತ ನೀನು ಜಂಬದಿಂದ ಬರೆದ ಕಾಗದ ನನ್ನ ಬಳಿಯೇ ಇದೆ. ಇಷ್ಟು ದಿನ ಯಾರಿಗೂ ತೋರಿಸಿಲ್ಲ. ನೀನೇ ಬಂದು ಹೇಳುತ್ತೀಯ ಅಂತ ಕಾದದ್ದು ನನ್ನ ದಡ್ಡತನ, ಅದರ ಬೆಲೆ ಮಾಮನ ಕಣ್ಣು. ಸೋಮವಾರ ವಕೀಲರ ಕೈಗೆ ಕೊಡುತ್ತೇನೆ. ನಿನ್ನ ಕೆಲಸ ಹೋದರೆ ಹೋಗಲಿ. ನಿನ್ನನ್ನು ಎತ್ತಿ ಆಡಿಸಿದ ಕೈಯಿಂದಲೇ ಕೊಡುತ್ತೇನೆ.


ಆಗಸ್ಟ್ 6

ಅಕ್ಕಾ,

ಈ ಕಾಗದವನ್ನು ಎಷ್ಟೋ ಸಲ ಹರಿದು ಬರೆದೆ. ಪ್ರಕಟಣೆ ಬರೆದೂ ಬರೆದೂ ನನಗೆ ನೇರವಾಗಿ ಬರೆಯುವುದು ಮರೆತುಹೋಗಿದೆ.

ನಿನ್ನ ಕಾಗದ ಶನಿವಾರ ಬಂತು. ಭಾನುವಾರ ನಾನೇ ವಕೀಲರ ಮನೆಗೆ ಹೋದೆ. ಪೂರ್ತಿ ವಿಡಿಯೋ ಕೊಟ್ಟೆ, ಸಂಗೀತವಿಲ್ಲದ್ದು. ಅದನ್ನು ಅಳಿಸು ಅಂತ ಕಾರ್ಯಕ್ರಮದ ದಿನವೇ ಸಾಹೇಬರು ಹೇಳಿದ್ದರು. ಅಳಿಸಲೂ ಇಲ್ಲ, ಕೊಡಲೂ ಇಲ್ಲ, ಡ್ರಾಯರಿನಲ್ಲಿಟ್ಟುಕೊಂಡು ದಿನ ದೂಡಿದೆ. ಎರಡು ಮೊಬೈಲು, ಒಂದು ಪಂಪಿನ ಆ ಮೊದಲ ಫೋಟೋವನ್ನೂ ಕೊಟ್ಟೆ. ಅದನ್ನು ನಾನು ವಾಪಸ್ ಕಳಿಸಿದ್ದೆ, ಮೇಜು ತುಂಬಿಸಿ ಅಂದಿದ್ದೆ ಎಂದು ನ್ಯಾಯಾಧೀಶರ ಮುಂದೆ ಹೇಳಿದೆ. ನಿನ್ನ ಬೆದರಿಕೆಗೆ ಹೆದರಿ ಮಾಡಿದ ಅಂತ ನೀನು ಅಂದುಕೊಂಡರೆ ಅದು ಅರ್ಧ ನಿಜ. ಇನ್ನರ್ಧ ಏನು ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ಕ್ಯಾಮೆರಾದ ಕಿಂಡಿಯಲ್ಲಿ ನಿನ್ನ ಮುಖ ನೋಡಿದ್ದೆ. ಅದು ಕಣ್ಣಿಂದ ಹೋಗುತ್ತಿಲ್ಲ.

ಪಿಟೀಲು ಹಾಕಿದ್ದು ನಾನೇ.

ಮಾಮನನ್ನು ಬಿಟ್ಟಿದ್ದಾರೆ ಅಂತ ನಿನಗೆ ಗೊತ್ತೇ ಇರುತ್ತದೆ. ಆ ಇನ್‌ಸ್ಪೆಕ್ಟರ್ ಮೇಲೆ ವಿಚಾರಣೆ ಇಟ್ಟಿದ್ದಾರೆ. ನನ್ನನ್ನು ವಾಹನಗಳ ಉಗ್ರಾಣಕ್ಕೆ ಹಾಕಿದ್ದಾರೆ, ಟೈರು, ಟ್ಯೂಬುಗಳ ಮಧ್ಯೆ. ಹೋಗುವ ಮೊದಲು ಒಂದು ಪ್ರಕಟಣೆ ಬರೆದೆ: ನಾವು ಹಿಡಿದದ್ದು ತಪ್ಪು ಮನುಷ್ಯನನ್ನು, ಅವರು ಕಳ್ಳರಲ್ಲ. ಅದರಲ್ಲಿ ಎರಡೇ ವಾಕ್ಯ. ಸಾಹೇಬರು ಓದಿ, ಇಂಥದ್ದನ್ನು ಯಾವ ಇಲಾಖೆಯಾದರೂ ಕಳಿಸುತ್ತದಾ ಅಂತ ಮಡಚಿ ಜೇಬಿಗೆ ಹಾಕಿಕೊಂಡರು. ಪೇಪರಿನವರಿಗೆ ನಾನೇ ಫೋನ್ ಮಾಡಿದೆ. ಹಳೇ ಸುದ್ದಿ ಅಂದರು.

ಮಾಮನ ಕಾಲು ಹಿಡಿಯಬೇಕು ಅನ್ನಿಸಿದೆ. ಮುಂದಿನ ವಾರ ಬರಲೇ? ಯಾರಿಗೂ ಹೇಳಬೇಡ. ಮಫ್ತಿಯಲ್ಲಿ ಬರುತ್ತೇನೆ, ಕತ್ತಲಾದ ಮೇಲೆ, ಹಿಂದಿನ ಓಣಿಯಿಂದ. ಅವರ ಮನೆಯ ಒಳಗೆ ಕೂತು ಮಾತಾಡಿ ಹಾಗೇ ಹೊರಟುಬಿಡುತ್ತೇನೆ.

ನಿನ್ನ ತಮ್ಮ


ಆಗಸ್ಟ್ 12

ತಮ್ಮಾ,

ನೀನು ಮಾಡಿದ್ದು ತಿಳಿಯಿತು. ವಕೀಲರು ಹೇಳಿದರು. ಅದಕ್ಕೆ ನಿನ್ನ ಬೆನ್ನು ತಟ್ಟುತ್ತೇನೆ ಅಂತ ಕಾಯಬೇಡ. ಮಾಡಬೇಕಾದ್ದನ್ನು ಮಾಡಿದ್ದೀಯ, ಅದೂ ತಡವಾಗಿ.

ಮಾಮ ಮನೆಗೆ ಬಂದಿದ್ದಾರೆ. ಎಡಗಣ್ಣು ಹೋಯಿತು. ಅಂಗಡಿ ಬಾಗಿಲು ತೆಗೆದು ದಿನವಿಡೀ ಕೂರುತ್ತಾರೆ, ಒಬ್ಬರೂ ಬರುವುದಿಲ್ಲ. ಸಹಿ ಹಾಕಿದವರು ಮುಖ ತೋರಿಸಲಾಗದೆ ಆಚೆ ಬದಿಯಿಂದ ಹೋಗುತ್ತಾರೆ. ಉಳಿದವರು, ಪೊಲೀಸರು ಸುಮ್ಮನೆ ಹಿಡೀತಾರಾ ಅಂತಾರೆ. ಬಿಡುಗಡೆಯ ಆದೇಶವನ್ನು ಅತ್ತೆ ಅಂಗಡಿಯ ಬಾಗಿಲಿಗೆ ಅಂಟಿಸಿದ್ದಾರೆ. ಅದನ್ನು ಓದಲು ಯಾರಾದರೂ ಹತ್ತಿರ ಬಂದರೆ ತಾನೇ? ಕನ್ನಡಕ ಸಿಕ್ಕಿಸಿದ ಮುಸುಕಿನ ಫೋಟೋ ಮಾತ್ರ ಎಲ್ಲರ ಫೋನಿನಲ್ಲೂ ಇದೆ.

ನನ್ನ ಯಂತ್ರ ಕೋರ್ಟಿನಿಂದ ಬಂತು. ಈಗಲೂ ದಾರ ತಿನ್ನುತ್ತದೆ. ನೇರವಾಗಿ ಮಾಮನ ಅಂಗಡಿಗೇ ಹೊತ್ತುಕೊಂಡು ಹೋಗಿ ಇಟ್ಟೆ. ಅವರು ಡ್ರಾಯರಿನಿಂದ ಶಟಲ್ ತೆಗೆದು ನನ್ನ ಕೈಗಿತ್ತು, "ಇದನ್ನು ಒಂದೇ ಕಣ್ಣಲ್ಲಿ ಕೂರಿಸೋದು ಕಷ್ಟ ಮಗಳೇ, ಯಾರಾದ್ರೂ ಟಾರ್ಚ್ ಹಿಡೀಬೇಕು" ಅಂದರು. ನಾನು ಹಿಡಿಯುತ್ತೇನೆ ಅನ್ನಲು ಬಾಯಿ ತೆರೆದವಳು ಸುಮ್ಮನಾದೆ. ನೀನು ಹಿಡಿಯಬೇಕು.

ಬಾ. ಆದರೆ ನೀನು ಹೇಳಿದ ಹಾಗಲ್ಲ. ಕತ್ತಲಲ್ಲಿ ಬಂದು ಕಾಲು ಹಿಡಿದು ಹೋದರೆ ನಿನ್ನ ಮನಸ್ಸು ಹಗುರವಾಗುತ್ತದೆ, ಅವರಿಗೆ ಏನು ಬಂತು? ಬೆಳಗ್ಗೆ ಬಾ, ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ. ಮುಂದಿನ ಬೀದಿಯಿಂದ ನಡೆದು ಬಾ. ಅಂಗಡಿಯ ಹೊರಗಿನ ಸ್ಟೂಲಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಕೂರು. ಟಾರ್ಚ್ ಹಿಡಿ. ಅವರು ಕೇಳಿದ ಸ್ಕ್ರೂಡ್ರೈವರ್ ಎತ್ತಿ ಕೊಡು. ಯಾರಾದರೂ ನಿಂತು ನೋಡಿದರೆ, ಇವರು ಕಳ್ಳರಲ್ಲ, ತಪ್ಪು ನನ್ನದು ಅಂತ ಬಾಯಿಬಿಟ್ಟು ಹೇಳು. ಸಂಜೆಯವರೆಗೆ ಎಷ್ಟು ಜನ ನಿಂತರೆ ಅಷ್ಟು ಜನಕ್ಕೂ ಹೇಳು. ಕ್ಯಾಮೆರಾ ತರಬೇಡ.

ಯೂನಿಫಾರ್ಮ್ ಹಾಕಿಕೊಂಡು ಬಾ. ಅವರನ್ನು ಹಿಡಿದುಕೊಂಡು ಹೋಗಲು ಬಂದವರು ಯೂನಿಫಾರ್ಮಿನಲ್ಲೇ ಬಂದಿದ್ದರು.

ಅಕ್ಕ